ಕೋಟಿ ವರ್ಷದ ಮೂಳೆಯಲ್ಲಿ ಮೆತ್ತಗಿನ ನಾಳ: ಸಂದೇಹಿಸಬೇಕಾದದ್ದು ವಯಸ್ಸನ್ನೋ, ಕೊಳೆಯುವಿಕೆಯ ಲೆಕ್ಕವನ್ನೋ?

ಸೋಮವಾರಪೇಟೆ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಡಿದ ವಿಡಿಯೊ ಒಂದನ್ನು ನೆನಪಿಟ್ಟುಕೊಂಡು ಬಂದು, "ಸರ್, ಡೈನೊಸಾರ್ ಮೂಳೆಯೊಳಗೆ ರಕ್ತ, ಮಾಂಸ ಎಲ್ಲ ಹಸಿಯಾಗಿಯೇ ಸಿಕ್ಕಿದೆಯಂತೆ. ಹಾಗಿದ್ದ ಮೇಲೆ ಅದು ಕೋಟಿ ವರ್ಷದ ಹಿಂದಿನದು ಹೇಗಾಗುತ್ತದೆ?" ಎಂದು ಕೇಳಿದಳು. ಸೋಮವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡು ಬಂದೆ.

ಬರೀ ಸುಳ್ಳು ಸುದ್ದಿ ಎಂದು ತಳ್ಳಿಹಾಕೋಣವೆಂದರೆ ಹಾಗೂ ಇಲ್ಲ. ಇಂಥದೊಂದು ವರದಿ 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲೇ ಪ್ರಕಟವಾಗಿದೆ. ನಿಜವಾಗಿ ಸಿಕ್ಕಿದ್ದೇನು, ಆ ಮೂಳೆಯ ವಯಸ್ಸನ್ನು ಯಾವ ಆಧಾರದಿಂದ ಹೇಳುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು. ಮಕ್ಕಳೆದುರು ಅರೆಬರೆ ಉತ್ತರ ಕೊಡಲು ಮನಸ್ಸಿಲ್ಲ.

ಕುಶಾಲನಗರದ ಓದುಗ

ಆ ವಿಡಿಯೊ ನನಗೂ ಬಂದಿತ್ತು. ಅದರಲ್ಲಿ ತೋರಿಸುವ ಕೆಂಪು ಮಾಂಸದ ತುಂಡು ಯಾವ ಪಳೆಯುಳಿಕೆಯದ್ದೂ ಅಲ್ಲ, ಸಂತೆಯ ಅಂಗಡಿಯದ್ದೇ ಇರಬೇಕು. ಡೈನೊಸಾರ್ ಮತ್ತೆ ಹುಟ್ಟಿಸುತ್ತಾರೆಯೇ ಎಂಬ ಪ್ರಶ್ನೆ ಮುಂದಿನ ವಾರ ನಿಮ್ಮ ತರಗತಿಗೆ ಖಂಡಿತ ಬರುತ್ತದೆ, ಸಿದ್ಧರಾಗಿರಿ.

ಹುರಿದ ಬೀಜ

ಮೇಷ್ಟ್ರೇ, ನಾನು ಕೆಲವು ವರ್ಷ ಪ್ರೋಟೀನುಗಳ ಮೇಲೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಈಗ ಗೋಣಿಕೊಪ್ಪದಲ್ಲಿ ಮನೆಯವರ ಕಾಫಿ ಹುರಿಯುವ ಘಟಕವನ್ನು ನೋಡಿಕೊಳ್ಳುತ್ತಿದ್ದೇನೆ. ತಿಳಿದಷ್ಟು ಬರೆಯುತ್ತೇನೆ.

ಕಥೆ ಅಮೆರಿಕದ ಮೊಂಟಾನಾ ರಾಜ್ಯದ ಹೆಲ್ ಕ್ರೀಕ್ ಎಂಬ ಶಿಲಾಸ್ತರದ್ದು. ಅಲ್ಲಿ ಅಗೆದು ತೆಗೆದ ಒಂದು ಟೈರನೊಸಾರಸ್ ರೆಕ್ಸ್‌ನ ತೊಡೆಮೂಳೆಯನ್ನು, ರಸ್ತೆಯಿಲ್ಲದ ಜಾಗವಾದ್ದರಿಂದ, ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಿತ್ತು. ಭಾರ ಹೆಚ್ಚಾಗಿ ಅದನ್ನು ಮುರಿಯಬೇಕಾಯಿತು. ಸಾಮಾನ್ಯವಾಗಿ ಇಂಥ ಮೂಳೆಗಳು ವಸ್ತುಸಂಗ್ರಹಾಲಯಕ್ಕೆ ಬರುವಾಗಲೇ ಅಂಟು, ಮೆರುಗೆಣ್ಣೆ ಹಚ್ಚಿಸಿಕೊಂಡಿರುತ್ತವೆ. ಈ ಮೂಳೆಯ ಒಳಭಾಗದ ಚೂರುಗಳು ಮಾತ್ರ ಹಾಗೆ ಏನನ್ನೂ ಹಚ್ಚಿಸಿಕೊಳ್ಳದೆ ನಾರ್ತ್ ಕೆರೊಲಿನಾದ ಪಳೆಯುಳಿಕೆ ವಿಜ್ಞಾನಿ ಮೇರಿ ಶ್ವೈಟ್ಜರ್ ಅವರ ಕೈಸೇರಿದವು. ಆ ಮೂಳೆ ಸುಮಾರು 6 ಕೋಟಿ 80 ಲಕ್ಷ ವರ್ಷ ಹಿಂದಿನದು.

ಈಗ ಮುಖ್ಯವಾದ ಮಾತು. ಮೂಳೆ ಒಡೆದಾಗ ಒಳಗೆ ಮೆತ್ತಗಿನದೇನೂ ಕಾಣಲಿಲ್ಲ, ಅದು ಕಲ್ಲಿನಂತೆಯೇ ಗಟ್ಟಿಯಾಗಿತ್ತು. ಶ್ವೈಟ್ಜರ್ ಮತ್ತು ಅವರ ಸಹಾಯಕಿ ಅದರ ಚೂರುಗಳನ್ನು ಇಡಿಟಿಎ ದ್ರಾವಣದಲ್ಲಿ ಅದ್ದಿಟ್ಟು ಖನಿಜವನ್ನು ನಿಧಾನವಾಗಿ ಕರಗಿಸಿದರು. ಇಡಿಟಿಎ ಎಂದರೆ ನಮಗೆ ಹೊಸದಲ್ಲ, ಕಾಫಿಗೂ ಮೆಣಸಿಗೂ ಸಿಂಪಡಿಸುವ ಜಿಂಕ್ ಪೊಟ್ಟಣದ ಮೇಲೆ ಅದೇ ಹೆಸರಿದೆ. ಲೋಹದ ಅಯಾನನ್ನು ಏಡಿಯಂತೆ ಹಿಡಿದುಕೊಳ್ಳುವುದು ಅದರ ಗುಣ. ಮೂಳೆಯ ಕ್ಯಾಲ್ಸಿಯಂ ಅನ್ನು ಅದು ಹಾಗೆ ಹಿಡಿದು ಹೊರಗೆಳೆದ ಮೇಲೆ, ಪೂರ್ತಿ ಕಲ್ಲಾಗಿದ್ದರೆ ಏನೂ ಉಳಿಯಬಾರದಿತ್ತು. ಆದರೆ ಕಂದು ಬಣ್ಣದ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಪೊರೆಯಂಥ ವಸ್ತುವೂ, ಕವಲೊಡೆದ ಪಾರದರ್ಶಕ ನಾಳಗಳೂ, ಅವುಗಳೊಳಗೆ ಜೀವಕೋಶಗಳ ಆಕಾರದ ಸೂಕ್ಷ್ಮ ಕಣಗಳೂ ಉಳಿದವು. ಸೂಕ್ಷ್ಮದರ್ಶಕವಿಲ್ಲದೆ ಇವುಗಳಲ್ಲಿ ಹೆಚ್ಚಿನದನ್ನು ನೋಡಲಾಗದು. ರಕ್ತವೂ ಇಲ್ಲ, ಮಾಂಸವೂ ಇಲ್ಲ. 'ಮೃದು ಅಂಗಾಂಶ' ಎಂಬ ಪದವನ್ನು ಕೇಳಿದವರ ಮನಸ್ಸು ತಾನಾಗಿಯೇ ಹಸಿಮಾಂಸವನ್ನು ಊಹಿಸಿಕೊಂಡದ್ದರಿಂದ ಇಷ್ಟೆಲ್ಲ ಗೊಂದಲವಾಗಿದೆ.

ನಿಮ್ಮ ತರಗತಿಯಲ್ಲಿ ಇದನ್ನು ತೋರಿಸಬಹುದು. ಬೇಯಿಸಿದ ಕೋಳಿಕಾಲಿನ ಮೂಳೆಯನ್ನು ಶುಚಿಮಾಡಿ ಗಾಜಿನ ಭರಣಿಯಲ್ಲಿ ವಿನೆಗರ್ ತುಂಬಿ ಮುಳುಗಿಸಿಡಿ. ನಡುವೆ ಒಂದೆರಡು ಸಲ ವಿನೆಗರ್ ಬದಲಿಸಿದರೆ ಹತ್ತು ದಿನದೊಳಗೆ ಮೂಳೆ ಬಾಗತೊಡಗುತ್ತದೆ. ಖನಿಜ ಹೋಗಿ ಕೊಲ್ಯಾಜನ್ ಎಂಬ ನಾರು ಮಾತ್ರ ಉಳಿದಿರುತ್ತದೆ.

ಮಳೆಮಾಪಕ

ವಿವರಣೆ ಚೆನ್ನಾಗಿದೆ, ಆದರೆ ನನ್ನ ಸಂದೇಹ ಇನ್ನೂ ಹೋಗಿಲ್ಲ. ನಾನು ನಾಪೋಕ್ಲು ಬಳಿಯ ಬೆಳೆಗಾರ, ವಿಜ್ಞಾನಿಯಲ್ಲ. ನಮ್ಮ ಮಳೆಗಾಲದಲ್ಲಿ ಚರ್ಮದ ಬೂಟನ್ನು ಒಂದು ವಾರ ಮೂಲೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ತೋಟದಂಚಿನಲ್ಲಿ ಹೂತ ದನದ ಗುಂಡಿಯನ್ನು ಕೆಲವು ವರ್ಷ ಬಿಟ್ಟು ಬೇರೆ ಕೆಲಸಕ್ಕಾಗಿ ತೆಗೆಸಿದಾಗ ಹಲ್ಲು ಬಿಟ್ಟು ಹೆಚ್ಚೇನೂ ಸಿಗಲಿಲ್ಲ. ಕಣ್ಣೆದುರು ಹೀಗಿರುವಾಗ ಒಂದು ರಕ್ತನಾಳ 6 ಕೋಟಿ 80 ಲಕ್ಷ ವರ್ಷ ಉಳಿಯಿತು ಎಂದರೆ, ವರ್ಷದ ಲೆಕ್ಕದಲ್ಲೇ ಎಲ್ಲೋ ಸೊನ್ನೆಗಳು ಹೆಚ್ಚಾಗಿವೆಯೇ ಎಂದು ಕೇಳುವುದು ಮೂಢತನವೇ? ಆ ವಿಡಿಯೊ ಮಾಡಿದವರ ಉದ್ದೇಶವನ್ನು ನಾನು ಸಮರ್ಥಿಸುತ್ತಿಲ್ಲ. ಪ್ರಶ್ನೆ ಮಾತ್ರ ನ್ಯಾಯವಾದದ್ದು ಎಂದು ಹೇಳುತ್ತಿದ್ದೇನೆ.

ಕಲ್ಲುಸುತ್ತಿಗೆ

ಪ್ರಶ್ನೆ ನ್ಯಾಯವಾದದ್ದೇ, ಮಳೆಮಾಪಕರೇ. ನಾನು ಭೂವಿಜ್ಞಾನದ ಕೆಲಸದಿಂದ ನಿವೃತ್ತನಾಗಿ ಮಡಿಕೇರಿಯಲ್ಲಿದ್ದೇನೆ. ವಯಸ್ಸಿನ ಭಾಗವನ್ನು ನಾನು ಹೇಳುತ್ತೇನೆ.

ಮೊದಲಿಗೆ, ವಯಸ್ಸನ್ನು ಮೂಳೆಯ ಸ್ಥಿತಿ ನೋಡಿ ಯಾರೂ ನಿರ್ಧರಿಸಿಲ್ಲ. ಹೊಸದಾಗಿ ಕಾಣುತ್ತದೆ, ಹಳೆಯದಾಗಿ ಕಾಣುತ್ತದೆ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೆಲ್ ಕ್ರೀಕ್ ಪ್ರದೇಶದ ಪದರಗಳ ನಡುವೆ ಜ್ವಾಲಾಮುಖಿಯ ಬೂದಿ ಬಿದ್ದು ಆದ ತೆಳು ಪದರಗಳಿವೆ. ಬೂದಿಯಲ್ಲಿ ಸ್ಯಾನಿಡಿನ್ ಎಂಬ ಹರಳು ಸಿಗುತ್ತದೆ, ಅದರಲ್ಲಿ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂ-40 ಎಂಬ ಬಗೆ ನಿಧಾನವಾಗಿ ಕ್ಷಯಿಸುತ್ತ ಹೋಗುತ್ತದೆ, ಅದರ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಕುದಿಯುವ ಶಿಲಾರಸದಲ್ಲಿ ಆರ್ಗಾನ್ ನಿಲ್ಲದೆ ಹಾರಿಹೋಗುತ್ತದೆ. ಹರಳು ತಣ್ಣಗಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಆರ್ಗಾನನ್ನು ಅಳೆದರೆ ಬೂದಿ ಯಾವಾಗ ಬಿತ್ತು ಎಂದು ತಿಳಿಯುತ್ತದೆ, ಮೂಳೆ ಯಾವ ಬೂದಿಗೆ ಮೇಲಿದೆ, ಯಾವುದಕ್ಕೆ ಕೆಳಗಿದೆ ಎಂಬುದರಿಂದ ಅದರ ಕಾಲ ಗೊತ್ತಾಗುತ್ತದೆ. ಅದೇ ಬಗೆಯ ಬೂದಿಯಲ್ಲಿರುವ ಜಿರ್ಕಾನ್ ಹರಳಿನ ಯುರೇನಿಯಂ ಸೀಸವಾಗುವ ಲೆಕ್ಕ ಬೇರೆಯೇ. ಮೂಲಧಾತು ಬೇರೆ, ಕ್ಷಯದ ವೇಗ ಬೇರೆ, ಅಳೆಯುವ ಯಂತ್ರವೂ ಬೇರೆ. ಆದರೂ ಡೈನೊಸಾರ್‌ಗಳ ಯುಗ ಮುಗಿದ ಗಡಿಯನ್ನು ಎರಡೂ 6 ಕೋಟಿ 60 ಲಕ್ಷ ವರ್ಷದ ಆಸುಪಾಸಿನಲ್ಲೇ ತೋರಿಸುತ್ತವೆ. ಆ ಗಡಿಯಲ್ಲಿ ಇರಿಡಿಯಂ ಎಂಬ ಅಪರೂಪದ ಲೋಹ ಹೆಚ್ಚಿರುವ ಪದರವಿದೆಯೆಂದು 1980ರಲ್ಲಿ ಆಲ್ವರೆಜ್ ತಂದೆ-ಮಗ ಮತ್ತವರ ಜೊತೆಗಾರರು ತೋರಿಸಿದ್ದು ನಿಮಗೆ ಗೊತ್ತಿರಬಹುದು.

ನಿಮ್ಮ ಹೆಸರೇ ಮಳೆಮಾಪಕವಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ಭೂಮಿಯೇ ಆರು ಸಾವಿರ ವರ್ಷದ್ದು ಎನ್ನುವವರಿದ್ದಾರೆ. ಅವರ ಮಾತಿನಂತೆ 6 ಕೋಟಿ 60 ಲಕ್ಷವನ್ನು ಆರು ಸಾವಿರಕ್ಕೆ ಇಳಿಸಬೇಕಾದರೆ ಈ ಗಡಿಯಾರಗಳೆಲ್ಲವೂ 11,000 ಪಟ್ಟು ತಪ್ಪಿರಬೇಕು. ಮಡಿಕೇರಿಯಲ್ಲಿ ವರ್ಷವಿಡೀ ಬಿದ್ದ ಸುಮಾರು 120 ಇಂಚು ಮಳೆಯನ್ನು ಪುಸ್ತಕದಲ್ಲಿ 'ಒಂದು ಸೆಂಟ್' (ಇಂಚಿನ ನೂರನೇ ಒಂದು ಪಾಲು) ಎಂದು ಬರೆದಷ್ಟು ದೊಡ್ಡ ತಪ್ಪು ಅದು. ಒಬ್ಬರ ಮಾಪಕ ತೂತಾಗಿರಬಹುದು. ನಿಮ್ಮದು, ಪಕ್ಕದ ತೋಟದವರದು, ಊರಾಚೆಯವರದು ಮೂರೂ ಒಂದೇ ಸಮನೆ ತೂತಾಗಿ ಮೂರರಲ್ಲೂ ಅದೇ ಒಂದು ಸೆಂಟ್ ಬರುವುದು ಹೇಗೆ?

ಕೊಡಗಿನಲ್ಲಿ ಡೈನೊಸಾರ್ ಮೂಳೆ ಹುಡುಕುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ನಮ್ಮ ಕಾಲಡಿಯ ಬಂಡೆ 300 ಕೋಟಿ ವರ್ಷಕ್ಕೂ ಹಿಂದಿನದು, ಭೂಗರ್ಭದ ಶಾಖದಲ್ಲಿ ಬೆಂದು ರೂಪಾಂತರಗೊಂಡದ್ದು. ಹತ್ತಿರದಲ್ಲಿ ಎಂದರೆ ತಮಿಳುನಾಡಿನ ಅರಿಯಲೂರು ಸೀಮೆ. ಅಲ್ಲಿಯ ಕಲ್ಲಮೇಡಿನಲ್ಲಿ ಸಿಕ್ಕಿ 'ಬೃಹತ್ಕಾಯೊಸಾರಸ್' ಎಂದು ಹೆಸರು ಪಡೆದ ದೈತ್ಯ ಮೂಳೆಗಳು ಪುಡಿಯಾಗಿಹೋಗಿ, ಈಗ ಅವುಗಳ ಚಿತ್ರ, ವಿವರಣೆಗಳ ಮೇಲೆಯೇ ವಾದ ನಡೆಯುತ್ತಿದೆ. ನಮ್ಮ ಕಡೆಯ ಮಳೆ ಮೂಳೆಗೆ ಎಂಥ ಶತ್ರು ಎಂಬ ನಿಮ್ಮ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ಕೊಡಗಿನ ಆಮ್ಲಗುಣದ ಮಣ್ಣಿನಲ್ಲಿ ದನದ ಮೂಳೆ ಕರಗಿತು ಎಂಬುದರಿಂದ ಮೊಂಟಾನಾದ ಮರಳುಗಲ್ಲಿನ ವಿಷಯವನ್ನು ತೀರ್ಮಾನಿಸಲಾಗದು.

ಮಳೆಮಾಪಕ

ಮಳೆಯ ಲೆಕ್ಕ ನಾಟಿತು, ಒಪ್ಪುತ್ತೇನೆ. ಇನ್ನೊಂದು ಕೇಳುತ್ತೇನೆ. ಡೈನೊಸಾರ್ ಮೂಳೆಗಳಲ್ಲಿ ಕಾರ್ಬನ್-14 ಪತ್ತೆಯಾಗಿದೆ, ಅದರ ಪ್ರಕಾರ ವಯಸ್ಸು ಇಪ್ಪತ್ತು-ಮೂವತ್ತು ಸಾವಿರ ವರ್ಷ ಬರುತ್ತದೆ ಎಂದು ಹಲವರು ಬರೆಯುತ್ತಾರೆ. ಪೊಟ್ಯಾಸಿಯಂ ಗಡಿಯಾರವನ್ನು ನಂಬುವವರು ಕಾರ್ಬನ್ ಗಡಿಯಾರವನ್ನು ಮಾತ್ರ ಏಕೆ ದೂರವಿಡುತ್ತಾರೆ?

ಕಲ್ಲುಸುತ್ತಿಗೆ

ಅಕ್ಕಸಾಲಿಗನ ತಕ್ಕಡಿಯಲ್ಲಿ ಲಾರಿ ತೂಗುವುದಿಲ್ಲವಲ್ಲ, ಅದೇ ಕಾರಣ. ಕಾರ್ಬನ್-14ರ ಅರ್ಧಾಯುಷ್ಯ 5,730 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೆ ಮೊದಲಿದ್ದುದರಲ್ಲಿ ಸಾವಿರದಲ್ಲೊಂದು ಪಾಲು ಉಳಿಯುತ್ತದೆ, ಆದ್ದರಿಂದ ಸುಮಾರು 50,000 ವರ್ಷದಾಚೆಗೆ ಈ ವಿಧಾನ ಕುರುಡು. ಕಾರ್ಬನ್-14 ಚೂರೂ ಇಲ್ಲದ ವಸ್ತುವಿಗೆ ಇಂದಿನ ಇಂಗಾಲ ನೂರಕ್ಕೆ ಒಂದು ಪಾಲು ಬೆರೆತರೂ ಉತ್ತರ 37,000 ವರ್ಷದ ಸುತ್ತ ಬಂದು ನಿಲ್ಲುತ್ತದೆ. ನೆಲದಡಿಯ ನೀರು, ಬ್ಯಾಕ್ಟೀರಿಯ, ಬೇರು, ವಸ್ತುಸಂಗ್ರಹಾಲಯದ ಅಂಟು ಇವೆಲ್ಲ ಸೇರಿ ನೂರಕ್ಕೆ ಕೆಲವು ಪಾಲು ಬೆರೆತು ಉತ್ತರ ಇನ್ನೂ ಕೆಳಗಿಳಿಯುವುದು ಕಷ್ಟವೇ? ಆ 'ಇಪ್ಪತ್ತು-ಮೂವತ್ತು ಸಾವಿರ' ಮೂಳೆಯ ವಯಸ್ಸಲ್ಲ, ಹೊರಗಿನಿಂದ ಬೆರೆತ ಕೊಳೆಯ ಪ್ರಮಾಣ.

ಹುರಿದ ಬೀಜ

ಇದಕ್ಕೆ ನಾನೊಂದು ಸೇರಿಸುತ್ತೇನೆ, ಏಕೆಂದರೆ ಈ ವಾದದಲ್ಲಿ ಯಾರೂ ತಿರುಗಿಸಿ ನೋಡದ ಮಗ್ಗುಲು ಇದೇ ಎಂದು ನನಗೆ ಅನಿಸುತ್ತದೆ. ಡೈನೊಸಾರ್ ಮೂಳೆ ಕೆಲವೇ ಸಾವಿರ ವರ್ಷದ್ದು ಎಂದೇ ಇಟ್ಟುಕೊಳ್ಳೋಣ. ಆಗ ಅದರಲ್ಲಿ ಏನು ಸಿಗಬೇಕು? ಸೈಬೀರಿಯಾದ ಹಿಮದಡಿ ಸಿಕ್ಕ ಮ್ಯಾಮತ್ ಹಲ್ಲುಗಳಿಂದ ಹತ್ತು ಲಕ್ಷ ವರ್ಷಕ್ಕೂ ಹಿಂದಿನ ಡಿಎನ್ಎಯನ್ನು 2021ರಲ್ಲಿ ಓದಿದ್ದಾರೆ, ಗ್ರೀನ್‌ಲೆಂಡಿನ ಮಣ್ಣಿನಿಂದ 20 ಲಕ್ಷ ವರ್ಷ ಹಿಂದಿನದನ್ನು 2022ರಲ್ಲಿ ಓದಿದ್ದಾರೆ. ನ್ಯೂಜಿಲೆಂಡಿನ ಮೋವಾ ಹಕ್ಕಿಯ ಮೂಳೆಗಳು ಕೆಲವು ಸಾವಿರ ವರ್ಷದವು, ಹಿಮದಲ್ಲಿ ಇದ್ದವೂ ಅಲ್ಲ, ಅವುಗಳಿಂದಲೂ ಡಿಎನ್ಎ ಸಿಕ್ಕಿದೆ. ಆರು ಸಾವಿರ ವರ್ಷದ ಡೈನೊಸಾರ್ ಮೂಳೆಯಲ್ಲಿ ಡಿಎನ್ಎ ಧಾರಾಳವಾಗಿ, ಕೊಲ್ಯಾಜನ್ ಹೇರಳವಾಗಿ ಸಿಗಬೇಕಿತ್ತು. ಸಿಕ್ಕಿರುವುದೇನು? ಓದಬಲ್ಲ ಡೈನೊಸಾರ್ ಡಿಎನ್ಎ ಇಂದಿನವರೆಗೆ ಒಂದು ಸಾಲೂ ಇಲ್ಲ. ಪ್ರೋಟೀನಿನ ಕೆಲವು ಚೂರುಗಳು ಮಾತ್ರ, ಅವುಗಳ ಬಗ್ಗೆಯೂ ಜಗಳ. ಮಳೆಮಾಪಕರೇ, ಉಳಿದಿರುವುದನ್ನು ನೋಡಿ ಇದು ಹೊಸದು ಎನ್ನುವವರು ಉಳಿಯದೆ ಹೋದದ್ದನ್ನೂ ಎಣಿಸಬೇಕಲ್ಲವೇ? (ಕುಶಾಲನಗರದವರು ಹೇಳಿದ, ಮತ್ತೆ ಹುಟ್ಟಿಸುವ ಪ್ರಶ್ನೆಗೂ ಇದೇ ಉತ್ತರ.)

ಇನ್ನು ಉಳಿದದ್ದು ಹೇಗೆ ಎಂಬ ನಿಜವಾದ ಒಗಟು. ನೀವು ಹೇಳಿದ ಬೂಟಿನ ಉದಾಹರಣೆಯನ್ನೇ ಎತ್ತಿಕೊಳ್ಳುತ್ತೇನೆ. ಹಸಿ ಚರ್ಮ ನಾಲ್ಕು ದಿನದಲ್ಲಿ ನಾರುತ್ತದೆ, ಹದ ಮಾಡಿದ ಚರ್ಮ ಬೂಷ್ಟು ಹಿಡಿದರೂ ವರ್ಷಗಟ್ಟಲೆ ಬಾಳುತ್ತದೆ. ಎರಡೂ ಕೊಲ್ಯಾಜನ್ನೇ. ಹದ ಮಾಡುವುದೆಂದರೆ ಆ ನಾರುಗಳ ನಡುವೆ ಅಡ್ಡಕೊಂಡಿಗಳನ್ನು ಹಾಕುವುದು. ಕೊಂಡಿ ಬಿದ್ದ ಮೇಲೆ ಸೂಕ್ಷ್ಮಜೀವಿಗಳ ಕಿಣ್ವಕ್ಕೆ ಕಚ್ಚಲು ಎಡೆ ಸಿಗುವುದಿಲ್ಲ. ಪ್ರಾಣಿ ಸತ್ತಾಗ ಅದರ ರಕ್ತದ ಹಿಮೋಗ್ಲೋಬಿನ್‌ನಿಂದ ಬಿಡುಗಡೆಯಾದ ಕಬ್ಬಿಣವೇ ಇಂಥ ಕೊಂಡಿಗಳನ್ನು ಹಾಕಿರಬಹುದು ಎಂದು ಶ್ವೈಟ್ಜರ್ ತಂಡ 2013ರಲ್ಲಿ ಸೂಚಿಸಿತು. ಉಷ್ಟ್ರಪಕ್ಷಿಯ ರಕ್ತನಾಳಗಳನ್ನು ಅವರು ಒಂದು ಕಡೆ ಬರೀ ನೀರಿನಲ್ಲಿ, ಇನ್ನೊಂದು ಕಡೆ ಹಿಮೋಗ್ಲೋಬಿನ್ ದ್ರಾವಣದಲ್ಲಿ ಕೋಣೆಯ ಉಷ್ಣತೆಯಲ್ಲೇ ಇಟ್ಟರು. ನೀರಿನವು ಕೆಲವೇ ದಿನಗಳಲ್ಲಿ ಕೊಳೆತವು, ಹಿಮೋಗ್ಲೋಬಿನ್ನಿನವು ಎರಡು ವರ್ಷವಾದರೂ ಗುರುತು ಸಿಗುವಂತೆ ಉಳಿದವು.

ಎರಡನೆಯ ವಿವರಣೆ ನನಗೆ ಇನ್ನೂ ಹತ್ತಿರದ್ದು, ಏಕೆಂದರೆ ದಿನವೂ ಅದರ ವಾಸನೆಯಲ್ಲೇ ಇರುತ್ತೇನೆ. ಹಸಿರು ಕಾಫಿ ಬೀಜ ಹುರಿಯುವ ಡ್ರಮ್ಮಿನಲ್ಲಿ ಮೊದಲು ಹಳದಿಯಾಗಿ, ಮತ್ತೆ ದಾಲ್ಚಿನ್ನಿಯ ಬಣ್ಣಕ್ಕೆ ತಿರುಗಿ, ಕಡೆಗೆ ಕಂದಾಗುವುದರಲ್ಲಿ ದೊಡ್ಡ ಪಾಲು ಸಕ್ಕರೆಯೂ ಪ್ರೋಟೀನಿನ ಘಟಕಗಳೂ ಒಂದಕ್ಕೊಂದು ಹೆಣೆದುಕೊಳ್ಳುವ ಕ್ರಿಯೆಯದ್ದು. ಯೇಲ್ ವಿಶ್ವವಿದ್ಯಾಲಯದ ತಂಡವೊಂದು 2018ರಲ್ಲಿ ಹಲವಾರು ಪಳೆಯುಳಿಕೆಗಳ ಖನಿಜ ಕರಗಿಸಿ ನೋಡಿದಾಗ, ಗಾಳಿಯಾಡುವ ಮರಳಿನಂಥ ಜಾಗದಲ್ಲಿ ಹೂತವುಗಳಲ್ಲೇ ಕಂದು ಬಣ್ಣದ ಮೃದು ಅಂಶ ಉಳಿದಿತ್ತು. ಮೂಲ ಪ್ರೋಟೀನು ಆ ಹೆಣಿಗೆಯಿಂದ ಬೇರೆಯೇ ವಸ್ತುವಾಗಿ ಮಾರ್ಪಟ್ಟಿತ್ತು, ಅದು ನೀರನ್ನು ಹತ್ತಿರ ಸೇರಿಸುವುದಿಲ್ಲ, ಸೂಕ್ಷ್ಮಜೀವಿಗೆ ಜೀರ್ಣವಾಗುವುದೂ ಇಲ್ಲ. ಡ್ರಮ್ಮಿನಲ್ಲಿ ಹದಿನೈದು ನಿಮಿಷದಲ್ಲಿ ಆಗುವುದು ಅಲ್ಲಿ ಬೆಂಕಿಯಿಲ್ಲದೆ ಬಹಳ ನಿಧಾನವಾಗಿ ಆಯಿತು. ನಾಳದ ಆಕಾರ ಉಳಿದಿದೆ, ಆದರೆ ಅದು ಹಳೆಯ ನಾಳದ ಹಸಿ ಪ್ರೋಟೀನಲ್ಲ.

ಮಳೆಮಾಪಕ

ಮೇಡಂ, ಎರಡು ವರ್ಷದ ಉಷ್ಟ್ರಪಕ್ಷಿಯಿಂದ ಆರೂಮುಕ್ಕಾಲು ಕೋಟಿ ವರ್ಷದ ಡೈನೊಸಾರ್‌ಗೆ ಹಾರುವುದು ಬಹಳ ದೊಡ್ಡ ಜಿಗಿತವಲ್ಲವೇ? ಅಲ್ಲದೆ ನೀವೇ 'ಅವುಗಳ ಬಗ್ಗೆಯೂ ಜಗಳ' ಎಂದು ಒಂದೇ ಮಾತಿನಲ್ಲಿ ದಾಟಿಬಿಟ್ಟಿರಿ. ಆ ಜಗಳವನ್ನೂ ಹೇಳಿ.

ಹುರಿದ ಬೀಜ

ಜಿಗಿತ ದೊಡ್ಡದೇ. ಆ ಪ್ರಯೋಗ ಒಂದು ದಾರಿಯಿದೆ ಎಂದು ತೋರಿಸುತ್ತದೆ, ದಾರಿಯುದ್ದಕ್ಕೂ ನಡೆದು ತೋರಿಸುವುದಿಲ್ಲ.

ಜಗಳ ವಿಜ್ಞಾನಿಗಳ ನಡುವೆಯೇ ಜೋರಾಗಿದೆ. 2007ರಲ್ಲಿ ಅದೇ ಮೂಳೆಯಿಂದ ಕೊಲ್ಯಾಜನ್ನಿನ ಚೂರುಗಳನ್ನು ಓದಿ ಅವು ಕೋಳಿಯದನ್ನು ಹೋಲುತ್ತವೆ ಎಂದು ಪ್ರಕಟಿಸಿದರು. 2008ರಲ್ಲಿ ಥಾಮಸ್ ಕೇ ಮತ್ತು ಸಂಗಡಿಗರು, ಈ ನಾಳಗಳೆಲ್ಲ ಮೂಳೆಯ ಟೊಳ್ಳಿನಲ್ಲಿ ಬ್ಯಾಕ್ಟೀರಿಯ ಕಟ್ಟಿದ ಲೋಳೆಪೊರೆಯ ಅಚ್ಚುಗಳು, ರಕ್ತಕಣದಂತೆ ಕಾಣುವ ಗುಂಡುಗಳು ಕಬ್ಬಿಣದ ಖನಿಜ, ಪೊರೆಯ ಇಂಗಾಲ ನಮ್ಮ ಕಾಲದ್ದೇ ಎಂದು ವಾದಿಸಿದರು. ಅದಕ್ಕೆ ಉತ್ತರವಾಗಿ ಶ್ವೈಟ್ಜರ್ ತಂಡ ಸುಮಾರು 8 ಕೋಟಿ ವರ್ಷ ಹಿಂದಿನ ಬ್ರಾಕಿಲೊಫೊಸಾರಸ್ ಒಂದರ ಕಾಲುಮೂಳೆಯನ್ನು ಸುತ್ತಲಿನ ಮರಳುಗಲ್ಲಿನ ಸಮೇತ ತೆಗೆದು, ಬೇರೆ ಬೇರೆ ಪ್ರಯೋಗಾಲಯಗಳಿಗೆ ಕೊಟ್ಟು ಪರೀಕ್ಷಿಸಿ 2009ರಲ್ಲಿ ಮತ್ತೆ ಕೊಲ್ಯಾಜನ್ ಇದೆ ಎಂದಿತು. 2017ರಲ್ಲಿ ಮೈಕೆಲ್ ಬಕ್ಲಿ ಮತ್ತಿತರರು, ಆ ಚೂರುಗಳಲ್ಲಿ ಕೆಲವು ಉಷ್ಟ್ರಪಕ್ಷಿಯದಕ್ಕೆ ಸರಿಹೊಂದುತ್ತವೆ, ಪ್ರಯೋಗಾಲಯದಲ್ಲೇ ಬೆರೆತಿರಬಹುದು ಎಂದರು. 2019ರಲ್ಲಿ ಕೆನಡಾದ ಸೆಂಟ್ರೊಸಾರಸ್ ಮೂಳೆಗಳನ್ನು ಬಹಳ ಎಚ್ಚರಿಕೆಯಿಂದ ಅಗೆದು ನೋಡಿದ ಎವಾನ್ ಸೈಟ್ಟಾ ತಂಡಕ್ಕೆ ಕೊಲ್ಯಾಜನ್ ಸಿಗಲಿಲ್ಲ, ಮೂಳೆಯೊಳಗೆ ಇಂದಿನ ಸೂಕ್ಷ್ಮಜೀವಿಗಳ ಸಂಸಾರವೇ ಸಿಕ್ಕಿತು. 2025ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಎಡ್ಮಂಟೊಸಾರಸ್ ಒಂದರ ಮೂಳೆಯಲ್ಲಿ, ಮೂಳೆಯ ಕೊಲ್ಯಾಜನ್ನಿನ ಗುರುತಾದ ಹೈಡ್ರಾಕ್ಸಿಪ್ರೊಲಿನ್ ಇದೆ ಎಂದು ವರದಿ ಮಾಡಿದರು.

ನನ್ನ ಅಭಿಪ್ರಾಯ ಕೇಳಿದರೆ, ನಾಳಗಳ ಆಕಾರ ಪ್ರಾಣಿಯದ್ದೇ ಎಂಬುದನ್ನು ಒಪ್ಪುತ್ತೇನೆ, ಓದಿದ ಪ್ರೋಟೀನ್ ಚೂರುಗಳ ಬಗ್ಗೆ ಇನ್ನೂ ಅಳುಕಿದೆ. ಆದರೆ ಒಂದನ್ನು ಗಮನಿಸಿ: ಈ ಇಡೀ ಜಗಳದಲ್ಲಿ ಎರಡೂ ಬಣದವರು ವಯಸ್ಸಿನ ವಿಷಯಕ್ಕೆ ಕೈಹಾಕಿಲ್ಲ, ಕಲ್ಲುಸುತ್ತಿಗೆಯವರು ಹೇಳಿದ ಬೂದಿಯ ಗಡಿಯಾರ ಮೂಳೆಯೊಳಗಿನ ಪ್ರೋಟೀನನ್ನು ನೆಚ್ಚಿಕೊಂಡೇ ಇಲ್ಲವಲ್ಲ. ಶ್ವೈಟ್ಜರ್ ಸ್ವತಃ ಶ್ರದ್ಧಾವಂತ ಕ್ರೈಸ್ತರು. ಭೂಮಿ ಕೆಲವೇ ಸಾವಿರ ವರ್ಷದ್ದು ಎನ್ನುವವರು ತಮ್ಮ ಕೆಲಸವನ್ನು ತಿರುಚಿ ಬಳಸುವುದಕ್ಕೆ ಅವರೇ ಬಹಿರಂಗವಾಗಿ ಬೇಸರ ತೋರಿಸಿದ್ದಾರೆ.

ಕಲ್ಲುಸುತ್ತಿಗೆ

ವಿಜ್ಞಾನಿಗಳ ಜಗಳದ ಮಾತು ಬಂದದ್ದರಿಂದ, ಅವರು ತಪ್ಪು ಒಪ್ಪಿಕೊಂಡ ಒಂದು ಸಣ್ಣ ಪ್ರಸಂಗ. ಮಧ್ಯಪ್ರದೇಶದ ಭೀಮಬೆಟ್ಕಾ ಗುಹೆಯ ಚಾವಣಿಯಲ್ಲಿ 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯ ಜೀವಿಯ ಅಚ್ಚು ಸಿಕ್ಕಿತೆಂದು 2021ರಲ್ಲಿ ದೊಡ್ಡ ಸುದ್ದಿಯಾಯಿತು. 2023ರಲ್ಲಿ ಇನ್ನೊಂದು ತಂಡ ಹೋಗಿ ನೋಡಿದರೆ ಅದು ಹೆಜ್ಜೇನಿನ ಹಳೆಯ ಗೂಡಿನ ಉಳಿಕೆ, ಬಂಡೆಯಿಂದ ಕಿತ್ತುಬರುತ್ತಿತ್ತು. ಮೊದಲ ತಂಡವೂ ಒಪ್ಪಿಕೊಂಡಿತು. ನಮ್ಮೂರಿನ ಜೇನು ಕೀಳುವವರೊಬ್ಬರನ್ನು ಮೊದಲೇ ಕರೆದುಕೊಂಡು ಹೋಗಿದ್ದರೆ ಎರಡು ವರ್ಷ ಉಳಿಯುತ್ತಿತ್ತು!

ಮಳೆಮಾಪಕ

ಸರಿ. ವಯಸ್ಸಿನ ವಿಷಯದಲ್ಲಿ ನನ್ನ ಸಂದೇಹವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಡಿಎನ್ಎ ಏಕೆ ಇಲ್ಲ ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮೂಳೆಯೊಳಗಿನ ನಾಳಗಳ ವಿಷಯದಲ್ಲಿ ಮಾತ್ರ, ಸೈಟ್ಟಾ ತಂಡದವರಂತೆ ಅಗೆದು ನೋಡಿದವರ ಪಕ್ಷದಲ್ಲೇ ಸದ್ಯಕ್ಕೆ ನಿಲ್ಲುತ್ತೇನೆ. ಮೇಷ್ಟ್ರೇ, ನಿಮ್ಮ ಕೋಳಿಮೂಳೆ ಏನಾಯಿತು?

ಸೋಮವಾರಪೇಟೆ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ತರಗತಿಯಲ್ಲೇ ಭರಣಿ ಇಟ್ಟೆವು. ವಿನೆಗರ್ ಏಕೆ ಸರ್, ಮನೆಯಲ್ಲಿ ಕಾಚಂಪುಳಿ (ಹಣ್ಣಿನಿಂದ ಮಾಡುವ ನಮ್ಮ ಕಡೆಯ ಹುಳಿ) ಇದೆ ಎಂದು ಹುಡುಗನೊಬ್ಬ ಹೇಳಿದ, ಅದರ ಬೆಲೆಯನ್ನು ನೆನೆದು, ಅವನ ಅಜ್ಜಿಗೆ ಹೆದರಿ ಬೇಡವೆಂದೆ. ಮೂಳೆಯ ಮೇಲೆ ಸಣ್ಣ ಗುಳ್ಳೆಗಳೇಳುವುದನ್ನು ಮಕ್ಕಳು ದಿನವೂ ಬಂದು ನೋಡುತ್ತಿದ್ದರು. ಒಂಬತ್ತನೇ ದಿನ ಹೊರತೆಗೆದಾಗ ಅದು ನಡುವೆ ಇನ್ನೂ ಗಟ್ಟಿಯಿತ್ತು, ಎರಡು ತುದಿಗಳು ಮಾತ್ರ ರಬ್ಬರಿನಂತೆ ಬಾಗಿದವು. ಮತ್ತೆ ಮುಳುಗಿಸಿ ನಾಲ್ಕು ದಿನ ಬಿಟ್ಟು ತೆಗೆದರೆ ಪೂರ್ತಿ ಬಾಗಿತು.

ಪ್ರಶ್ನೆ ಕೇಳಿದ್ದ ಹುಡುಗಿ ಅದನ್ನು ಬೆರಳಿಗೆ ಸುತ್ತಿ ನೋಡಿ, "ಸರ್, ಇದು ಒಣಗಿದರೆ ಮತ್ತೆ ಮೂಳೆಯಾಗುತ್ತದೆಯೇ?" ಎಂದಳು. ನನಗೆ ತಿಳಿಯಲಿಲ್ಲ.

ಹುರಿದ ಬೀಜ

ಮೂಳೆಯಾಗುವುದಿಲ್ಲ, ಮೇಷ್ಟ್ರೇ. ಸುಣ್ಣದಂಶ ಹೋಗಿಬಿಟ್ಟಿದೆ. ಒಣಗಿದರೆ ಸುಕ್ಕುಗಟ್ಟಿ ಬಿರುಸಾಗುತ್ತದೆ, ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಶ್ವೈಟ್ಜರ್ ಅವರೂ ತಮಗೆ ಸಿಕ್ಕ ವಸ್ತುವನ್ನು ಹೀಗೆಯೇ ಒಣಗಿಸಿ, ನೆನೆಸಿ, ಅದರ ಹಿಗ್ಗುವ ಗುಣ ಹಾಗೆಯೇ ಇದೆ ಎಂದು ನೋಡಿದ್ದರು. ಆ ಹುಡುಗಿಯ ಕೈಯಲ್ಲೇ ಮಾಡಿಸಿ, ಒಣಗುವ ಮೊದಲು ಉದ್ದ ಅಳೆದಿಟ್ಟುಕೊಳ್ಳಲು ಹೇಳಿ.

ಸೋಮವಾರಪೇಟೆ ಮೇಷ್ಟ್ರು

ಅಳೆದಿದ್ದಾಳೆ, ಎಂಟೂವರೆ ಸೆಂಟಿಮೀಟರ್. ಕಿಟಕಿಯಲ್ಲಿಟ್ಟರೆ ಈ ಮಳೆಯಲ್ಲಿ ಒಣಗುವ ಲಕ್ಷಣವಿಲ್ಲ, ಆದ್ದರಿಂದ ಇವತ್ತು ಮನೆಗೆ ತಂದು ಒಲೆಯ ಮೇಲಿನ ಅಟ್ಟದಲ್ಲಿ ಬೆಕ್ಕಿಗೆ ಸಿಗದ ಹಾಗೆ ತೂಗುಹಾಕಿದ್ದೇನೆ.